ಕೇಳಬೇಕಾದವರು ಕೂಗಿದರು

(ಚಿತ್ರದುರ್ಗದಲ್ಲಿ ಗೆಳೆಯರ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ಯಾರೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದರು, ಅದನ್ನು ಕೇಳಿಕೊಂಡು ಬರೆದಿದ್ದೇನೆ. ಮಾತಾಡುವಾಗ ದಾರಿ ತಪ್ಪಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ. ಪೂರ್ತಿ ಮಾಡಿಲ್ಲ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ 'ಬರ ಮತ್ತು ಆಡಳಿತ'. ಅದರಲ್ಲಿ ಅರ್ಧ ಮಾತ್ರ ಮಾತಾಡುತ್ತೇನೆ. ಆಡಳಿತದವರನ್ನು ಬೈಯಲು ಜನ ಬೇಕಾದಷ್ಟಿದ್ದಾರೆ. ಬರ ಬಂದಾಗ ಸರ್ಕಾರ ತಡ ಮಾಡುತ್ತದೆ, ಕಡಿಮೆ ಕೊಡುತ್ತದೆ, ಕೊಡಬೇಕಾದವರಿಗೇ ಕೊಡದೆ ಬಿಡುತ್ತದೆ. ಇದರಲ್ಲಿ ನನಗೆ ಅನುಮಾನ ಇಲ್ಲ, ಯಾಕಂದ್ರೆ ಕೊಡದೆ ಬಿಟ್ಟ ಕೈಗಳಲ್ಲಿ ನನ್ನದೂ ಒಂದು. ನಾನು ಇವತ್ತು ಮಾತಾಡೋದು ಬೈಯುವವರ ಬಗ್ಗೆ, ಅಂದರೆ ವಿರೋಧ ಪಕ್ಷದವರ ಬಗ್ಗೆ. ಬೈಯುವುದನ್ನೂ ಅವರು ಸರಿಯಾಗಿ ಮಾಡಲಿಲ್ಲ ಅನ್ನೋದು ನನ್ನ ಸಿಟ್ಟು.

ನಾನು ಕಂದಾಯ ಇಲಾಖೆಯಲ್ಲಿ 34 ವರ್ಷ ಇದ್ದೆ. ಗ್ರಾಮ ಲೆಕ್ಕಿಗನಾಗಿ ಸೇರಿದೆ. ಈಗ ಅದಕ್ಕೆ ಗ್ರಾಮ ಆಡಳಿತ ಅಧಿಕಾರಿ ಅಂತ ದೊಡ್ಡ ಹೆಸರು ಬಂದಿದೆ, ಕೆಲಸ ಅದೇ. ಯಾವ ತಾಲ್ಲೂಕು ಅಂತ ಹೇಳುವುದಿಲ್ಲ. ಹೇಳಿದರೆ ಯಾವ ಲೀಡರ್ ಅಂತ ನೀವು ಲೆಕ್ಕ ಹಾಕಿಬಿಡುತ್ತೀರಿ, ಮಾತು ಅಲ್ಲಿಗೇ ಮುಗಿಯುತ್ತೆ.

ಎಷ್ಟು ಬರ ನೋಡಿದಿರಿ ಅಂತ ಕೇಳಿದರೆ ನನಗೆ ಎಣಿಸಲು ಬರಲ್ಲ. ನಮ್ಮ ಕಡೆ ಮಳೆ ಬಂದ ವರ್ಷ ಎಣಿಸೋದೇ ಸುಲಭ ಅಲ್ವಾ? ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ನೋಡಿ. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಕೋಡಿ ನೋಡಲು ಜನ ಜಾತ್ರೆಗೆ ಹೋದ ಹಾಗೆ ಹೋದರು. ನಾನೂ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಮರು ವರ್ಷವೇ ಮಳೆ ಕೈ ಕೊಟ್ಟಿತು. 2023ರ ಆಗಸ್ಟ್ ಅಂದರೆ ದೇಶದಲ್ಲೇ 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ಇಲ್ಲ. ಸೆಪ್ಟೆಂಬರ್ 13ಕ್ಕೆ ಸರ್ಕಾರ 195 ತಾಲ್ಲೂಕನ್ನು ಬರಪೀಡಿತ ಅಂತ ಘೋಷಿಸಿತು. ಆಮೇಲೆ ಅದು ಬೆಳೆದು 236 ತಾಲ್ಲೂಕಿನಲ್ಲಿ 223 ಆಯಿತು. ಬರ ಇಲ್ಲದ ತಾಲ್ಲೂಕು ಯಾವುದು ಅಂತ ಹುಡುಕಬೇಕಿತ್ತು.

ಈಗ ಒಂದು ಹೊಲದ ಕಥೆ ಹೇಳ್ತೀನಿ.

ಬರ ನೋಡಲು ಬರುವವರಲ್ಲಿ ಮೂರು ಥರ. ದೆಹಲಿಯಿಂದ ಬರುವ ಅಧಿಕಾರಿಗಳ ತಂಡ, ಬೆಂಗಳೂರಿನಿಂದ ಬರುವ ಮಂತ್ರಿಗಳು, ಆಮೇಲೆ ವಿರೋಧ ಪಕ್ಷದ 'ಬರ ಅಧ್ಯಯನ ತಂಡ'. ಮೂವರಿಗೂ ಹೊಲ ಹುಡುಕುವ ಕೆಲಸ ನಮ್ಮ ತಲೆಗೇ. ಪಕ್ಷದವರು ನೇರವಾಗಿ ಕೇಳುವುದಿಲ್ಲ. 'ಸುಮ್ನೆ ಎಲ್ಲಿ ಹೋದ್ರೆ ಚೆನ್ನಾಗಿರುತ್ತೆ ಹೇಳಿ ಸಾರ್' ಅಂತ ಫೋನ್ ಬರುತ್ತೆ. ಹೊಲ ಆರಿಸೋದೂ ಒಂದು ವಿದ್ಯೆ. ಕಾರು ತಿರುಗಿಸಲು ಜಾಗ ಇರಬೇಕು. ನೆರಳಿಗೆ ಒಂದು ಬೇವಿನ ಮರವೋ ಹುಣಸೆ ಮರವೋ ಬೇಕು. ಹೊಲದ ಯಜಮಾನ ಬಾಯಿಬಡುಕ ಆಗಿರಬಾರದು. ನಮ್ಮಲ್ಲಿ ಹೈವೇಯಿಂದ ಸ್ವಲ್ಪ ಒಳಗೆ ಅಂಥದ್ದೊಂದು ಶೇಂಗಾ ಹೊಲ ಇತ್ತು. ಮೂರು ಬರದಲ್ಲೂ ಅದನ್ನೇ ತೋರಿಸಿದ್ದೇವೆ. ಆಫೀಸಿನಲ್ಲಿ ಅದಕ್ಕೆ 'ಹೆಣ್ಣು ನೋಡೋ ಹೊಲ' ಅಂತ ಹೆಸರಿಟ್ಟಿದ್ದೆವು. ಬಂದವರೆಲ್ಲ ನೋಡಿಕೊಂಡು, ಕಾಫಿ ಕುಡಿದುಕೊಂಡು ಹೋಗುತ್ತಿದ್ದರು. ಒಪ್ಪಿಗೆ ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಒಂದು ಸಲ ವಿರೋಧ ಪಕ್ಷದ ತಂಡ ಬಂತು. ಹನ್ನೊಂದು ಕಾರು. ಅಧ್ಯಕ್ಷರು ಬದುವಿನ ಮೇಲೆ ನಿಂತು, ಬಗ್ಗಿ, ಒಂದು ಶೇಂಗಾ ಗಿಡ ಕಿತ್ತು ಕ್ಯಾಮೆರಾ ಮುಂದೆ ಎತ್ತಿ ಹಿಡಿದರು. ನೋಡಿದರೆ ಬುಡದಲ್ಲಿ ಕಾಯಿ ಚೆನ್ನಾಗೇ ಕಟ್ಟಿದೆ! ಬದುವಿನ ಪಕ್ಕ ಸ್ವಲ್ಪ ನೀರು ನಿಂತಿತ್ತಲ್ಲ, ಆ ಸಾಲು ಬದುಕಿತ್ತು. ಹೊಲದ ಅಜ್ಜ ಹೇಳಿದ, 'ಅದಲ್ಲ ಸ್ವಾಮಿ, ಅದು ಬದುವಿನ ಗಿಡ. ಒಳಗೆ ಬರ್ರಿ, ತೋರಿಸ್ತೀನಿ.' ಯಾರೂ ಒಳಗೆ ಹೋಗಲಿಲ್ಲ. ಕ್ಯಾಮೆರಾ ಹಿಡಿದಿದ್ದ ಹುಡುಗ, 'ಸಾರ್, ಬೇರೆ ಕೀಳಿ' ಅಂದ. ಹಿಂಬಾಲಕರಲ್ಲಿ ಒಬ್ಬ ನಾಲ್ಕು ಸಾಲು ದಾಟಿ ಒಂದು ಒಣಗಿದ ಗಿಡ ತಂದುಕೊಟ್ಟ. ಅದನ್ನು ಹಿಡಿದುಕೊಂಡು ಅಧ್ಯಕ್ಷರು ಸರ್ಕಾರ ಸತ್ತು ಹೋಗಿದೆ, ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕು ಅಂದರು. ಹತ್ತು ಹನ್ನೆರಡು ನಿಮಿಷಕ್ಕೆ ಎಲ್ಲ ಮುಗಿಯಿತು.

ಅಜ್ಜನ ಕೈಯಲ್ಲಿ ಒಂದು ಕಾಗದ ಇತ್ತು. ಆ ಹನ್ನೆರಡು ನಿಮಿಷವೂ ಹಿಡಿದುಕೊಂಡೇ ಇದ್ದ. ಧೂಳು ಇಳಿದ ಮೇಲೆ ನನಗೆ ಕೊಟ್ಟ. ಅವನ ಬೆಳೆ ಸಮೀಕ್ಷೆಯ ಪ್ರತಿ ಅದು. ಆ ಹೊಲದ ಸರ್ವೆ ನಂಬರಿನ ಮುಂದೆ ಬೆಳೆ ಅನ್ನೋ ಜಾಗದಲ್ಲಿ 'ಬೀಳು' ಅಂತಿತ್ತು. ಅಂದರೆ ಏನೂ ಬಿತ್ತಿಲ್ಲ. ಸಮೀಕ್ಷೆಗೆ ಹೋದ ಹುಡುಗ ರಸ್ತೆಯಲ್ಲೇ ನಿಂತು ಫೋಟೋ ಹೊಡೆದು ಮುಂದೆ ಹೋಗಿದ್ದ. ಬಿತ್ತಿಲ್ಲ ಅಂದ ಮೇಲೆ ಬೆಳೆ ನಷ್ಟ ಎಲ್ಲಿ? ಪರಿಹಾರ ಎಲ್ಲಿ? ಆಕ್ಷೇಪಣೆ ಹಾಕುವ ದಿನವೂ ಮುಗಿದಿತ್ತು.

ಯೋಚನೆ ಮಾಡಿ. ಮೂರು ಬರದಲ್ಲಿ ದೆಹಲಿ, ಬೆಂಗಳೂರು ಎಲ್ಲ ಬಂದು ನೋಡಿದ ಹೊಲ ಅದು. ಟಿವಿಯಲ್ಲಿ ಬಂದ ಹೊಲ. ಸರ್ಕಾರದ ಲೆಕ್ಕದಲ್ಲಿ ಅಲ್ಲಿ ಬೆಳೆಯೇ ಇಲ್ಲ. ನಮ್ಮ ತಪ್ಪು ಇದು, ಒಪ್ಪಿಕೊಳ್ಳುತ್ತೇನೆ. ನಾನೇ ಆ ಹೊಲಕ್ಕೆ ಎಷ್ಟು ಸಲ ಹೋಗಿದ್ದೆ, ಒಂದು ಸಲವೂ ಪಹಣಿ, ಸಮೀಕ್ಷೆ ತೆಗೆದು ನೋಡಿರಲಿಲ್ಲ. ಆದರೆ ನಮ್ಮ ತಪ್ಪು ಹಿಡಿಯೋದಕ್ಕೇ ಅಲ್ಲವಾ ವಿರೋಧ ಪಕ್ಷ ಇರೋದು? ಹನ್ನೊಂದು ಕಾರಿನಲ್ಲಿ ಬಂದವರಲ್ಲಿ ಒಬ್ಬನಾದರೂ 'ಯಜಮಾನ್ರೇ, ಕೈಯಲ್ಲಿರೋದು ಏನು?' ಅಂತ ಕೇಳಿದ್ದರೆ ಸರ್ಕಾರವನ್ನು ಬೈಯಲು ಒಣಗಿದ ಗಿಡ ಬೇಕಾಗಿರಲಿಲ್ಲ. ಆ ಕಾಗದವೇ ಸಾಕಿತ್ತು.

ಕಾಗದ ಅಂದಾಗ ಮನವಿ ಪತ್ರದ ಬಗ್ಗೆಯೂ ಹೇಳಿಬಿಡ್ತೀನಿ. ತಾಲ್ಲೂಕು ಕಚೇರಿ ಮುಂದೆ ಪ್ರತಿಭಟನೆ ಆದಾಗ ಕೊನೆಗೆ ಒಂದು ಮನವಿ ಕೊಡುತ್ತಾರೆ. ತಹಶೀಲ್ದಾರರು ಹೊರಗೆ ಬಂದು ತೆಗೆದುಕೊಳ್ಳುತ್ತಾರೆ, ಫೋಟೋ ಆಗುತ್ತೆ. ಆಮೇಲೆ ಅದು ಟಪಾಲಿಗೆ ಬರುತ್ತೆ. ಸೀಲು, ನಂಬರು, 'ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ' ಅಂತ ಒಂದು ಸಾಲು, ಜಿಲ್ಲಾಧಿಕಾರಿ ಕಚೇರಿಗೆ. ಅಲ್ಲಿಂದ ಮೇಲಕ್ಕೆ. ಒಂದು ಸಲ ಬಂದ ಮನವಿಯಲ್ಲಿ ಮುಖ್ಯಮಂತ್ರಿ ಹೆಸರಿದ್ದ ಕಡೆ ವೈಟ್ನರ್ ಹಚ್ಚಿ ಹೊಸ ಹೆಸರು ಬರೆದಿದ್ದರು. ಹಿಂದಿನ ಬರದಲ್ಲಿ ಇನ್ನೊಂದು ಪಕ್ಷದವರು ಕೊಟ್ಟಿದ್ದ ಮನವಿಯ ಜೆರಾಕ್ಸ್ ಅದು. ಇಬ್ಬರಿಗೂ ಟೈಪ್ ಮಾಡಿಕೊಡುತ್ತಿದ್ದದ್ದು ಕಚೇರಿ ಎದುರಿನ ಒಂದೇ ಅಂಗಡಿ. ನಾವು ನಕ್ಕೆವು. ಈಗ ನೆನೆಸಿಕೊಂಡರೆ ನಗು ಬರಲ್ಲ.

ಆ ದಿನವೇ ಒಬ್ಬ ಹೆಣ್ಣುಮಗಳು ಬಂದಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳು. ಗಂಡ ತೀರಿಹೋಗಿ ನಾಲ್ಕು ವರ್ಷ. ಪಹಣಿ ಇನ್ನೂ ಮಾವನ ಹೆಸರಲ್ಲಿ, ಮಾವನೂ ಇಲ್ಲ. ಮೂರೆಕರೆ, ಮೈದುನಂದಿರ ಜೊತೆ ಜಂಟಿ. ಉತ್ತು ಬಿತ್ತಿದವಳು ಇವಳು. ಆದರೆ ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬರೋದು, ಆಗದೆ ಫ್ರೂಟ್ಸ್ ಐಡಿ ಅನ್ನೋ ರೈತರ ನೋಂದಣಿ ನಂಬರ್ ಆಗಲ್ಲ. ಐಡಿ ಇಲ್ಲದಿದ್ದರೆ ಪರಿಹಾರದ ತಂತ್ರಾಂಶಕ್ಕೆ ಅವಳು ಕಾಣಲ್ಲ. ಬರ ಅವಳಿಗೆ ಕಂಡಿದೆ, ಅವಳು ಕಂಪ್ಯೂಟರಿಗೆ ಕಂಡಿಲ್ಲ, ಅಷ್ಟೆ.

ಹೊರಗೆ ಖಾಲಿ ಕೊಡ ಹಿಡಿದು ಘೋಷಣೆ ನಡೆದಿತ್ತು. ಇವಳು ಕೌಂಟರಿನಿಂದ ಹೊರಗೆ ಹೋಗಿ ಮೈಕ್ ಹಿಡಿದಿದ್ದ ಮುಖಂಡರ ಹತ್ತಿರ ನಿಂತಳು. 'ಅಣ್ಣಾ, ನನ್ ಹೆಸ್ರು ಯಾಕೆ ಬಂದಿಲ್ಲ ಅಂತ ಒಂದ್ ಮಾತು ಕೇಳಣ್ಣ' ಅಂದಳು. ಅವರು ಒಳ್ಳೆಯ ಮನುಷ್ಯರೇ. ತಲೆ ಸವರಿ, 'ಮೊದ್ಲು ಈ ಸರ್ಕಾರ ಹೋಗ್ಲಿ ತಾಯಿ, ಎಲ್ಲಾ ಸರಿ ಹೋಗುತ್ತೆ' ಅಂದರು.

ನಾನು ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ. ಇವತ್ತಿನ ಮಾತು ಹುಟ್ಟಿದ್ದೇ ಅಲ್ಲಿ. ಸರ್ಕಾರ ಹೋದರೆ ಅವಳ ಪೌತಿ ಖಾತೆ ಆಗುತ್ತಾ? ಸರ್ಕಾರಗಳು ಹೋಗಿವೆ, ಬಂದಿವೆ. ನಮ್ಮ ಜಿಲ್ಲೆಯನ್ನೇ ನೋಡಿ. 2018ರಲ್ಲಿ ಆರು ಕ್ಷೇತ್ರದಲ್ಲಿ ಐದು ಬಿಜೆಪಿ. 2023ರಲ್ಲಿ ಅದೇ ಆರರಲ್ಲಿ ಐದು ಕಾಂಗ್ರೆಸ್. ಜನ ದೋಸೆ ಮಗುಚಿದ ಹಾಗೆ ಮಗುಚಿದರು. ಹಂಚು ಮಾತ್ರ ಅದೇ.

ಈಗ ಸ್ವಲ್ಪ ದೊಡ್ಡವರ ವಿಷಯ. ಎರಡು ವರ್ಷ ನೆನಪಿಟ್ಟುಕೊಳ್ಳಿ, 2019 ಮತ್ತು 2023.

2019ರ ಆಗಸ್ಟಿನಲ್ಲಿ ನೆರೆ. ಬೆಳಗಾವಿ, ಬಾಗಲಕೋಟೆ ಕಡೆಯಿಂದ ಕೊಡಗಿನವರೆಗೆ ಊರೂರು ಮುಳುಗಿದವು. ಆಗ ಯಡಿಯೂರಪ್ಪನವರು ಮುಖ್ಯಮಂತ್ರಿ. ಜುಲೈ 26ಕ್ಕೆ ಪ್ರಮಾಣ ವಚನ, ಆಗಸ್ಟ್ 20ರವರೆಗೆ ಸಂಪುಟದಲ್ಲಿ ಅವರೊಬ್ಬರೇ. ಕಾಂಗ್ರೆಸ್ಸಿನವರು 'ಒನ್ ಮ್ಯಾನ್ ಶೋ' ಅಂತ ಲೇವಡಿ ಮಾಡಿದರು. ಮಾಡಬೇಕಾದ್ದೇ. ಆದರೆ ಅದೇ ಕಾಂಗ್ರೆಸ್ಸಿಗೆ ವಿರೋಧ ಪಕ್ಷದ ನಾಯಕ ಅಂತ ಸಿದ್ದರಾಮಯ್ಯನವರ ಹೆಸರು ಬಂದದ್ದು ಯಾವಾಗ? ಅಕ್ಟೋಬರ್ 9ಕ್ಕೆ. ಅಷ್ಟರಲ್ಲಿ ನೆರೆ ಇಳಿದು, ಜನ ಶೆಡ್ಡಿನಲ್ಲಿ ಎರಡು ತಿಂಗಳು ಕಳೆದಿದ್ದರು.

2023. ಮೇ 13ಕ್ಕೆ ಫಲಿತಾಂಶ. ಕಾಂಗ್ರೆಸ್ ಗೆದ್ದಿತು, ಬಿಜೆಪಿ ವಿರೋಧ ಪಕ್ಷ. ಜೂನ್ ಒಣಗಿತು, ಆಗಸ್ಟ್ ಒಣಗಿತು, ಸೆಪ್ಟೆಂಬರಿನಲ್ಲಿ ಬರ ಘೋಷಣೆ ಆಯಿತು. ವಿರೋಧ ಪಕ್ಷದ ನಾಯಕ ಯಾರು? ಯಾರೂ ಇಲ್ಲ. ಆರ್. ಅಶೋಕ ಅವರ ಹೆಸರು ಘೋಷಣೆ ಆದದ್ದು ನವೆಂಬರ್ 17ಕ್ಕೆ. ಫಲಿತಾಂಶದಿಂದ ಆರು ತಿಂಗಳು, ಬರ ಘೋಷಣೆಯಿಂದ ಎರಡು ತಿಂಗಳು.

ಆ ಕುರ್ಚಿ ಸಣ್ಣದಲ್ಲ ಸ್ವಾಮಿ. ಸಂಪುಟ ದರ್ಜೆ, ಸರ್ಕಾರಿ ಮನೆ, ಕಾರು, ಸಿಬ್ಬಂದಿ, ಎಲ್ಲ ನಮ್ಮ ತೆರಿಗೆಯಲ್ಲಿ. ಯಾಕೆ ಕೊಟ್ಟಿದ್ದಾರೆ? ಸರ್ಕಾರದ ಎದುರಿಗೆ ಲೆಕ್ಕದ ಪುಸ್ತಕ ಹಿಡಿದುಕೊಂಡು ಕೂರಲಿ ಅಂತ. ಒಂದು ನೆರೆ, ಒಂದು ಬರ, ಎರಡರಲ್ಲೂ ಆ ಕುರ್ಚಿ ಖಾಲಿ. ಎರಡು ಪಕ್ಷ ಒಂದೊಂದು ಸಲ. ಇದರಲ್ಲಾದರೂ ಇಬ್ಬರೂ ಸಮ ಅನ್ನಿ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮಂತ್ರಿ ಆಗಲೇ ಇಲ್ಲ. ವಿರೋಧ ಪಕ್ಷದ ಬೆಂಚಿನಲ್ಲಿ ಕೂತೇ ಅಷ್ಟು ದೊಡ್ಡ ಹೆಸರು ಮಾಡಿದರು. ಈಗಿನವರಿಗೆ ಆ ಬೆಂಚು ಬಸ್ ಸ್ಟ್ಯಾಂಡಿನ ಬೆಂಚು. ಮುಂದಿನ ಬಸ್ ಬರುವವರೆಗೆ ಕೂರೋದು.

ದುಡ್ಡಿನ ಜಗಳವೂ ಹಾಗೇ. 2023ರ ಬರಕ್ಕೆ ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ. ಕೇಂದ್ರದ ತಂಡ ಅಕ್ಟೋಬರಿನಲ್ಲಿ ಬಂದು ನೋಡಿ ಹೋಯಿತು. ದುಡ್ಡು ಬರಲಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ 3,454 ಕೋಟಿ ಬಂತು. ಚಿತ್ರದುರ್ಗದವರು ನಾವು ಏಪ್ರಿಲ್ 26ಕ್ಕೆ ವೋಟು ಹಾಕಿ ಬಂದೆವು, ಮರುದಿನ ದುಡ್ಡಿನ ಸುದ್ದಿ. ದಾವಣಗೆರೆಯವರಿಗೆ ಮೇ 7ಕ್ಕೆ ವೋಟಿತ್ತು, ಅವರು ಸುದ್ದಿ ಕೇಳಿಕೊಂಡೇ ಹೋದರು.

ಈ ಏಳೆಂಟು ತಿಂಗಳು ರಾಜ್ಯದ ವಿರೋಧ ಪಕ್ಷ ಏನು ಹೇಳಿತು? 'ಮೊದಲು ನಿಮ್ಮ ಖಜಾನೆಯಿಂದ ಕೊಡಿ.' ಸರ್ಕಾರ ಏನು ಹೇಳಿತು? 'ಕೇಂದ್ರ ಕೊಡಲಿ.' 2019ರಲ್ಲಿ? ಕಾಂಗ್ರೆಸ್ಸಿನವರು 'ಕೇಂದ್ರ ಯಾಕೆ ಕೊಡಲ್ಲ?', ಬಿಜೆಪಿಯವರು 'ಬರುತ್ತೆ, ತಾಳಿ.' ಆಗಸ್ಟಿನ ನೆರೆಗೆ 1,200 ಕೋಟಿ ಮಧ್ಯಂತರ ಪರಿಹಾರ ಬಂದದ್ದು ಅಕ್ಟೋಬರಿನಲ್ಲಿ. ಬಯಲಾಟದಲ್ಲಿ ರಾಮನ ವೇಷದವನಿಗೆ ಹುಷಾರಿಲ್ಲದಾಗ ರಾವಣನ ವೇಷದವನೇ ಕಿರೀಟ ಬದಲಿಸಿಕೊಂಡು ಬರುತ್ತಾನಲ್ಲ, ಹಾಗೆ. 2019ರಲ್ಲಿ ಗೆದ್ದ ನಮ್ಮ ರಾಜ್ಯದ 28 ಸಂಸದರಲ್ಲಿ 25 ಮಂದಿ ಬಿಜೆಪಿಯವರು. 2023ರಲ್ಲಿ ರಾಜ್ಯದಲ್ಲಿ ವಿರೋಧ ಪಕ್ಷ ಅಂದರೂ ದೆಹಲಿಯಲ್ಲಿ ಅವರೇ ಮನೆ ಯಜಮಾನರು. ಬರದ ವರ್ಷ ಅವರು ಮನೆಯೊಳಗೆ ಒಂದು ಸಲ ಗಟ್ಟಿಯಾಗಿ ಕೆಮ್ಮಿದ್ದರೂ ಸಾಕಿತ್ತು.

ಆದರೆ ನನಗೆ ಜಾಸ್ತಿ ಬೇಜಾರು ಇದಕ್ಕಲ್ಲ. ಈ ಜಗಳದ ನಡುವೆ ಯಾರೂ ಕೇಳದ ಪ್ರಶ್ನೆಗಳಿಗೆ.

ಆ 18,171 ಕೋಟಿಯಲ್ಲಿ 12,577 ಕೋಟಿ ಬೆಳೆಗೆ ಕೇಳಿದ್ದಲ್ಲ. ಬರದಿಂದ ಕೂಲಿ, ದುಡಿಮೆ ಕಳೆದುಕೊಂಡ ಕುಟುಂಬಗಳ ಜೀವನಕ್ಕೆ ಕೇಳಿದ್ದು. ಬೆಳೆ ಪರಿಹಾರಕ್ಕೆ ಕೇಳಿದ್ದು 4,663 ಕೋಟಿ. ಹಾಗಾದರೆ ಬರಗಾಲದಲ್ಲಿ ಕೂಲಿಯವನಿಗೆ ಏನು? ಭೂಮಿ ಇಲ್ಲದವನಿಗೆ ಏನು? ಚರ್ಚೆ ಆಗಬೇಕಾದ್ದು ಅಲ್ಲಿ. ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಸ್ ಹತ್ತಿದವರು ಯಾರ ಪಟ್ಟಿಯಲ್ಲೂ ಇಲ್ಲ. 18 ಸಾವಿರ, 3 ಸಾವಿರ ಅಂತ ಎರಡು ಅಂಕಿ ಹಿಡಿದು ಎರಡೂ ಕಡೆಯವರು ಕೂಗಿದರು. ನಡುವಿನದ್ದು ಏನಾಯಿತು ಅಂತ ಬಿಡಿಸಿ ಹೇಳಲಿಲ್ಲ.

ಇನ್ನು ಆಗಿನ ನಿಯಮ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ನೀರಾವರಿಗೆ 17,000. ತೋಟಕ್ಕೆ 22,500. ಅದೂ ಎರಡು ಹೆಕ್ಟೇರಿಗೆ ಮಾತ್ರ, ಅದೂ ನಷ್ಟ ಶೇಕಡಾ 33 ದಾಟಿದರೆ. ಎಕರೆ ಲೆಕ್ಕದಲ್ಲಿ ಹೇಳಿದರೆ ಶೇಂಗಾಕ್ಕೆ ಸುಮಾರು 3,440 ರೂಪಾಯಿ. ಚಳ್ಳಕೆರೆ ಕಡೆಯವರು ಇಲ್ಲಿ ಇದ್ದೀರಿ. ಎಕರೆಗೆ ಬೀಜವೇ 40 ಕೆ.ಜಿ. ಮೇಲೆ ಬೇಕು. ಬೀಜದ ದುಡ್ಡಾದರೂ ಹುಟ್ಟುತ್ತಾ? (ಹಿಂದಿನಿಂದ ಒಬ್ಬರು: 'ಎಲ್ಲಿ ಹುಟ್ಟುತ್ತೆ ಸಾರ್, ಸುಲಿದ ಕೂಲಿನೂ ಹುಟ್ಟಲ್ಲ.') ನೋಡಿ. ಇದರಲ್ಲೂ ರಾಜ್ಯ ಮೊದಲೇ ಕೊಟ್ಟಿದ್ದ 2,000 ಮುರಿದುಕೊಂಡು ಉಳಿದದ್ದನ್ನು ಹಾಕಿದರು. ಯಾಕೆ ಕಡಿಮೆ ಬಂತು ಅಂತ ಕೇಳಲು ಬಂದವರಿಗೆ ಕೌಂಟರಿನಲ್ಲಿ ನಾವೇ ಕೂಡಿ ಕಳೆದು ತೋರಿಸಬೇಕಾಯಿತು. ಈ 8,500 ಯಾರು ಗೊತ್ತು ಮಾಡಿದ್ದು, ಯಾವ ಲೆಕ್ಕದಲ್ಲಿ? ಕೇಂದ್ರದ ನಿಯಮ ಅದು, ರಾಜ್ಯದಲ್ಲಿ ಯಾರೇ ಇದ್ದರೂ ಕೇಂದ್ರದ ಅಂಕಿ ಅದೇ. ಹಾಗಾಗಿ ಅದನ್ನು ಕೇಳಿದರೆ ಯಾರಿಗೂ ಲಾಭ ಇಲ್ಲ. ರೈತನಿಗೆ ಬಿಟ್ಟು.

ವಿರೋಧ ಪಕ್ಷದವರ ಕೈಯಲ್ಲಿ ಏನಿದೆ ಪಾಪ, ಅಧಿಕಾರ ಇಲ್ಲವಲ್ಲ ಅಂತ ಕೆಲವರು ಹೇಳುತ್ತಾರೆ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇದು ಕಚೇರಿಯ ಒಳಗೆ ಕೂತವರಿಗೆ ಮಾತ್ರ ಗೊತ್ತಿರೋ ವಿಷಯ.

ಐನೂರು ಜನ ಬಂದು ಗೇಟ್ ಮುಂದೆ ಧರಣಿ ಕೂತರೆ ತಾಲ್ಲೂಕು ಕಚೇರಿ ಹೆದರುವುದಿಲ್ಲ. ಪೊಲೀಸರು ಬರುತ್ತಾರೆ, ಮಜ್ಜಿಗೆ ಬರುತ್ತೆ, ಮೂರು ಗಂಟೆಗೆ ಎಲ್ಲ ಎದ್ದು ಹೋಗುತ್ತಾರೆ. ನಮ್ಮನ್ನು ಹೆದರಿಸುವ ವಸ್ತು ಬೇರೆ ಇದೆ. ಅದಕ್ಕೆ ಎಲ್‌ಎಕ್ಯೂ ಅಂತಾರೆ. ವಿಧಾನಸಭೆಯಲ್ಲಿ ಶಾಸಕರು ಕೇಳುವ ಪ್ರಶ್ನೆ. ಚುಕ್ಕೆ ಗುರುತಿನದ್ದು, ಅಂದರೆ ಮಂತ್ರಿ ಸದನದಲ್ಲೇ ಎದ್ದು ಉತ್ತರ ಕೊಡಬೇಕಾದದ್ದು, ಬಂತೆಂದರೆ ಮುಗಿಯಿತು. ಬೆಂಗಳೂರಿನಿಂದ ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ನಮಗೆ. ಮೇಲೆ 'ಅತಿ ಜರೂರು' ಅಂತ ಇರುತ್ತೆ, ಇವತ್ತು ಸಂಜೆಯೊಳಗೆ ಅಂತ ಇರುತ್ತೆ. ಎಲ್ಲ ಗ್ರಾಮ ಲೆಕ್ಕಿಗರಿಗೂ ಫೋನು. ರಾತ್ರಿ ಹನ್ನೊಂದಕ್ಕೂ ಕಂಪ್ಯೂಟರ್ ಮುಂದೆ ಕೂತು ತಖ್ತೆ ತುಂಬುತ್ತಿರುತ್ತೇವೆ. ಯಾಕಂದ್ರೆ ಸದನಕ್ಕೆ ಕೊಡುವ ಉತ್ತರದಲ್ಲಿ ಸುಳ್ಳು ಇದ್ದರೆ ಮಂತ್ರಿ ಸಿಕ್ಕಿಬೀಳುತ್ತಾರೆ. ಮಂತ್ರಿ ಸಿಕ್ಕಿಬಿದ್ದರೆ ನಾವು ಉಳಿಯಲ್ಲ.

ನನ್ನ ಸರ್ವೀಸಿನಲ್ಲಿ ಒಂದೇ ಒಂದು ಸಲ ಸರಿಯಾದ ಪ್ರಶ್ನೆ ಬಂತು. ಕೇಳಿದವರು ವಿರೋಧ ಪಕ್ಷದವರು, ನಮ್ಮ ಜಿಲ್ಲೆಯವರಲ್ಲ. 'ಪರಿಹಾರ ತಿರಸ್ಕೃತವಾದ ರೈತರು ಎಷ್ಟು? ತಾಲ್ಲೂಕುವಾರು, ಕಾರಣವಾರು ವಿವರ ಒದಗಿಸುವುದು.' ಅಷ್ಟೇ. ಎಲ್ಲರೂ 'ಎಷ್ಟು ಕೊಟ್ಟಿರಿ' ಅಂತ ಕೇಳುತ್ತಾರೆ. ಇವರು ಎಷ್ಟು ಜನರಿಗೆ ಕೊಟ್ಟಿಲ್ಲ, ಯಾಕೆ ಅಂತ ಕೇಳಿದರು. ನಮ್ಮ ಬೆನ್ನಿನಲ್ಲಿ ಬೆವರು. ಯಾಕಂದ್ರೆ ಆ ಪಟ್ಟಿಯನ್ನು ನಾವು ಅದುವರೆಗೆ ತೆಗೆದೇ ನೋಡಿರಲಿಲ್ಲ.

ತೆಗೆದೆವು. ಆಧಾರಿನಲ್ಲಿ 'ತಿಪ್ಪೇಸ್ವಾಮಿ', ಪಹಣಿಯಲ್ಲಿ 'ತಿಪ್ಪೇಸ್ವಾಮಿ ಬಿನ್ ಇಂಥವರು', ಪಾಸ್‌ಬುಕ್ಕಿನಲ್ಲಿ ಬರೀ 'ಸ್ವಾಮಿ ಟಿ'. ಹೆಸರು ಹೊಂದುತ್ತಿಲ್ಲ, ತಿರಸ್ಕೃತ. ಇನ್ನೊಬ್ಬರದು ಬ್ಯಾಂಕಿಗೆ ಆಧಾರ್ ಜೋಡಣೆ ಆಗಿಲ್ಲ, ತಿರಸ್ಕೃತ. ನಮ್ಮ ಹೋಬಳಿ ಒಂದರಲ್ಲೇ ಇಂಥವರು 60 ಚಿಲ್ಲರೆ ಜನ. ಉತ್ತರದಲ್ಲಿ ಅಷ್ಟು ದೊಡ್ಡ ಅಂಕಿ ಹೋದರೆ ಕೆಟ್ಟದಾಗಿ ಕಾಣುತ್ತೆ ಅಂತ ಸಾಹೇಬರು ಹೇಳಿದರು, 'ನಾಳೆಯೊಳಗೆ ಎಷ್ಟು ಸರಿ ಮಾಡಕ್ಕಾಗುತ್ತೋ ಮಾಡ್ರಿ.' ಎರಡು ದಿನದಲ್ಲಿ ಊರೂರು ಅಲೆದು 40ಕ್ಕೂ ಹೆಚ್ಚು ಜನರದ್ದು ಸರಿ ಮಾಡಿದೆವು. ಅವರಿಗೆಲ್ಲ ದುಡ್ಡು ಬಿತ್ತು. ಯಾಕೆ ಬಿತ್ತು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಪ್ರಶ್ನೆ ಕೇಳಿದ ಶಾಸಕರಿಗೂ ಗೊತ್ತಿರಲಿಕ್ಕಿಲ್ಲ. ಆ ದಿನ ಸದನದಲ್ಲಿ ಗಲಾಟೆ ಆಗಿ ಉತ್ತರವನ್ನು ಮಂಡಿಸಿದ್ದಾಗಿದೆ ಅಂತ ಹೇಳಿ ಮುಗಿಸಿದರಂತೆ.

ಒಂದೂವರೆ ಸಾಲಿನ ಪ್ರಶ್ನೆ ಅದು. ಅದಕ್ಕೆ ಸಂಪುಟ ದರ್ಜೆ ಬೇಡ, ಹನ್ನೊಂದು ಕಾರು ಬೇಡ. ಬೇರೆ ಕಲಾಪ ನಿಲ್ಲಿಸಿ ಚರ್ಚೆ ಕೇಳುವ ನಿಲುವಳಿ ಸೂಚನೆ ಇದೆ, ಗಮನ ಸೆಳೆಯುವ ಸೂಚನೆ ಇದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷಗಿರಿ ವಾಡಿಕೆಯಂತೆ ವಿರೋಧ ಪಕ್ಷಕ್ಕೇ ಹೋಗುತ್ತೆ. ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಟಾಸ್ಕ್ ಫೋರ್ಸಿಗೆ ಶಾಸಕರೇ ಅಧ್ಯಕ್ಷರು, ಅವರು ಯಾವ ಪಕ್ಷದವರೇ ಆಗಿರಲಿ. ಹಾಗಿದ್ದೂ 2019ರಲ್ಲಿ ನೆರೆಯಾದ ಮೇಲೆ ಅಕ್ಟೋಬರಿನಲ್ಲಿ ನಡೆದ ಅಧಿವೇಶನ ಮೂರೇ ದಿನ. 2023ರ ಜುಲೈನಲ್ಲಿ, ಜೂನ್ ಮಳೆ ಇಲ್ಲದೆ ಬಿತ್ತನೆ ಹಿಂದೆ ಬಿದ್ದಿದ್ದಾಗ, ಸದನದಲ್ಲಿ ಕಾಗದ ಹರಿದು ಪೀಠದ ಕಡೆ ಎಸೆದು 10 ಬಿಜೆಪಿ ಶಾಸಕರು ಅಮಾನತಾದರು. ಆ ಗಲಾಟೆಯ ವಿಷಯ ಮಳೆಯಲ್ಲ, ಬಿತ್ತನೆಯಲ್ಲ. ಕಾಗದ ಎಸೆಯೋ ವಸ್ತು ಅಲ್ಲ ಸ್ವಾಮಿ, ನಮ್ಮಂಥ ಗುಮಾಸ್ತರಿಗೆ ಅದು ಎದೆಗೆ ನೆಟ್ಟ ಕತ್ತಿ. ಬಳಸೋದು ಗೊತ್ತಿದ್ದರೆ.

ಬ್ಯಾಂಕಿನ ವಿಷಯ ಬೇಗ ಹೇಳಿಬಿಡುತ್ತೇನೆ. 2024ರ ಮೇ ತಿಂಗಳಲ್ಲಿ ಬರ ಪರಿಹಾರ ಖಾತೆಗೆ ಬಿದ್ದಾಗ ಅಲ್ಲಲ್ಲಿ ಬ್ಯಾಂಕಿನವರು ಅದನ್ನು ಹಳೇ ಸಾಲಕ್ಕೆ ಮುರಿದುಕೊಂಡರು. ಹಾಗೆ ಮಾಡಬಾರದು ಅಂತ ಆಮೇಲೆ ಸರ್ಕಾರದ ಸೂಚನೆ ಬಂತು. ನಮ್ಮಲ್ಲಿ ಒಬ್ಬ ರೈತನ ಪಾಸ್‌ಬುಕ್ ನೋಡಿದೆ. ಒಂದೇ ತಾರೀಖು, ಒಂದು ಸಾಲಿನಲ್ಲಿ ಜಮಾ, ಕೆಳಗಿನ ಸಾಲಿನಲ್ಲಿ ಖರ್ಚು, ಬಾಕಿ ಮೊದಲು ಎಷ್ಟಿತ್ತೋ ಅಷ್ಟೇ. ಪಕ್ಷದವರು ಹೇಳಿಕೆ ಕೊಟ್ಟರು. ಬಂದವರು ಹಸಿರು ಟವೆಲ್ಲಿನ ಇಬ್ಬರು ರೈತ ಸಂಘದವರು, ಒಂದು ಹಳೇ ಟಿವಿಎಸ್ಸಿನಲ್ಲಿ. 23 ಪಾಸ್‌ಬುಕ್ಕಿನ ಜೆರಾಕ್ಸ್ ತಂದಿದ್ದರು. ಮ್ಯಾನೇಜರ್ ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿ, ಕುರ್ಚಿ ಎಳೆದುಕೊಂಡು ಕೂತರು. ಘೋಷಣೆ ಇಲ್ಲ. 'ಇದರದ್ದು ಹೇಳ್ರಿ. ಆಯ್ತಾ? ಮುಂದಿನದ್ದು ಹೇಳ್ರಿ.' ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ವಾರದೊಳಗೆ 23 ಖಾತೆಗೂ ದುಡ್ಡು ವಾಪಸ್ ಬಂತು. ಅವರಿಬ್ಬರೂ ಯಾವ ಚುನಾವಣೆಯನ್ನೂ ಗೆದ್ದವರಲ್ಲ. ಒಬ್ಬರು ಗ್ರಾಮ ಪಂಚಾಯ್ತಿಗೆ ನಿಂತು ಸೋತಿದ್ದರು.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. 'ಮಾಡಿದಷ್ಟು ನೀಡು ಭಿಕ್ಷೆ.' ಬರದ ನಾಡಿನಲ್ಲಿ ಕೆರೆ ಕಟ್ಟಿಸಿದವರು ಅಂತ ಜನ ನೆನೆಯುತ್ತಾರೆ ಅವರನ್ನು. ವೋಟು ಕೇಳಲು ಬಂದವರೆಲ್ಲ ಅವರ ಗುಡಿಗೆ ಹೋಗಿ ಕೈ ಮುಗಿದು ಬರುತ್ತಾರೆ. ಗೋಡೆ ಮೇಲೆ ಬರೆದದ್ದನ್ನು ಓದುತ್ತಾರೋ ಇಲ್ಲವೋ.

(ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಒಬ್ಬ ಮೇಷ್ಟ್ರು ಕೇಳಿದರು: 'ಭದ್ರಾ ಮೇಲ್ದಂಡೆ ಬಗ್ಗೆ ಒಂದು ಮಾತೂ ಆಡಲಿಲ್ಲವಲ್ಲ?'

ಭದ್ರಾ ನೀರನ್ನು ನಮ್ಮ ಬರದ ಕಡೆ ತರುವ ಯೋಜನೆ ಅದು, ಬೇಕಂತಲೇ ಬಿಟ್ಟೆ ಸಾರ್. ಶುರು ಮಾಡಿದರೆ ಸಂಜೆ ಆಗುತ್ತೆ. 2023ರ ಫೆಬ್ರುವರಿಯಲ್ಲಿ ಕೇಂದ್ರದ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಓದಿದರು, ಇಲ್ಲಿ ಪಟಾಕಿ ಹೊಡೆದರು. ಆಮೇಲೆ ಅದು ರಾಜ್ಯದವರು ದೆಹಲಿ ಕಡೆ ಬೆರಳು ತೋರಿಸಲು, ದೆಹಲಿಯವರು ರಾಜ್ಯದ ಕಡೆ ತೋರಿಸಲು ಒಂದು ಕಂಬ ಆಯಿತು. ಆ ನೀರು ಬಂದಿದ್ದರೆ ಇವತ್ತಿನ ಭಾಷಣವೇ ಬೇಕಾಗಿರಲಿಲ್ಲ.

ಒಬ್ಬ ಹುಡುಗ, ಈಗ ವಿರೋಧದಲ್ಲಿರುವ ಪಕ್ಷದ ಕಾರ್ಯಕರ್ತನಂತೆ, ಎದ್ದು ನಿಂತ: 'ಸಾರ್, ನೀವು ನಮ್ಮನ್ನೇ ಬೈದ್ರಿ. ಸರ್ಕಾರದವರು ಖುಷಿಯಾಗಿ ಇದನ್ನ ಹಂಚ್ಕೊಳ್ತಾರೆ. ನಾವೇನು ಮಾಡ್ಬೇಕಿತ್ತು ಹೇಳಿ.'

ಖುಷಿ ಪಡಲಿ ಬಿಡಪ್ಪ. ನಾಳೆ ಅವರೂ ಅಲ್ಲಿ ಬಂದು ಕೂರುವವರೇ. ನೀನು ಒಂದು ಕೆಲಸ ಮಾಡು. ನಿನ್ನ ಹೋಬಳಿಯ ನಾಡಕಚೇರಿಗೆ ಹೋಗಿ ಕಳೆದ ಸಲದ ಪರಿಹಾರ ಸಿಗದವರ ಪಟ್ಟಿ ಕೇಳು. ಕೊಡಲ್ಲ ಅಂತಾರೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. ಪಟ್ಟಿ ಬಂದ ಮೇಲೆ ಅದರಲ್ಲಿ ನಿಮ್ಮ ಊರಿನವರು ಎಷ್ಟು ಅಂತ ಗುರುತು ಹಾಕಿ ಅವರ ಮನೆಗೆ ಹೋಗು. ಫೋಟೋ ತೆಗೆಯೋನು ಬೇಡ. ಒಂದು ಪೆನ್ನು ಇರಲಿ. (ಹುಡುಗ ಬರೆದುಕೊಂಡ. ಹೋದನೋ ಇಲ್ಲವೋ ಗೊತ್ತಿಲ್ಲ. ಫೋನ್ ನಂಬರ್ ತೆಗೆದುಕೊಂಡಿದ್ದಾನೆ.)

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು: 'ಆ ಹೆಣ್ಣುಮಗಳಿಗೆ ದುಡ್ಡು ಬಂತಾ?'

ಇಲ್ಲಮ್ಮ. ಪೌತಿ ಖಾತೆ ಮಾಡಿಸಿಕೊಟ್ಟೆ. ಮೈದುನಂದಿರ ಸಹಿ ಹಾಕಿಸಲು ಒಬ್ಬನನ್ನು ಹುಡುಕಿಕೊಂಡು ತುಮಕೂರಿಗೆ ಹೋಗಬೇಕಾಯಿತು. ಖಾತೆ ಆಗಿ, ಐಡಿ ಬರುವ ಹೊತ್ತಿಗೆ ಆ ವರ್ಷದ ಎಂಟ್ರಿ ಮುಚ್ಚಿತ್ತು.